ಕೆಮ್ಮಣ್ಣಿನಡಿಯ ಉಪ್ಪು

ಗಿಡದ ವಿಷಯದಲ್ಲಿ ಲಿಂಗರಾಜಪುರದ ಮುನಿಗಂಗಮ್ಮನಿಗೆ ಬುದ್ಧಿ ಹೇಳಲು ಹೋದವರು ಬೈಸಿಕೊಳ್ಳದೆ ವಾಪಸ್ಸು ಬಂದದ್ದಿಲ್ಲ. ಹಳೇ ರೈತರ ಮನೆ. ಹೊಲವೆಲ್ಲ ಸೈಟುಗಳಾದ ಮೇಲೆ ಆಕೆಗೆ ಉಳಿದದ್ದು ತಾರಸಿಯ ಮೇಲಿನ ನಲವತ್ತು ಹೂಕುಂಡ. ಅದರಲ್ಲೊಂದು ಪನ್ನೀರು ಗುಲಾಬಿ, ಕಡೆಯ ತುಂಡು ನೆಲ ಕೈಬಿಟ್ಟ ದಿನ ಬದುವಿನಿಂದ ಕಡ್ಡಿ ಮುರಿದು ತಂದದ್ದು. ಪ್ರತಿ ಶುಕ್ರವಾರ ಕುಂಡಗಳಿಗೆಲ್ಲ ಕೆಮ್ಮಣ್ಣು ಬಳಿಯದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ.

2002ರಲ್ಲಿ ಮನೆಯ ಬೋರನ್ನು ಇನ್ನೂ ಆಳಕ್ಕೆ ಇಳಿಸಿದರು ನೋಡಿ, ಆಗಿನಿಂದ ಎಲೆಗಳ ಅಂಚು ಸುಟ್ಟಂತೆ ಒಣಗತೊಡಗಿತು. ಗೊಬ್ಬರ ಹಾಕಿದಳು, ನೆರಳಿಗೆ ಸರಿಸಿದಳು, ದೃಷ್ಟಿಯನ್ನೂ ತೆಗೆದಳು. ಗುಲಾಬಿಯಲ್ಲಿ ಐದೇ ಎಲೆ ಉಳಿದವು. "ಇದೂ ಹೋದ್ರೆ ನಮ್ಮ ಹೊಲ ಪೂರಾ ಹೋದಂಗೆ" ಎಂದು ಸೊಸೆ ಸುಕನ್ಯಳ ಮುಂದೆ ಅತ್ತೇಬಿಟ್ಟಳು. ಆದರೂ ಯಾಕೆ ಹೀಗೆ ಎಂಬ ಹುಳ ತಲೆಯಿಂದ ಇಳಿಯಲಿಲ್ಲ.

ಅಷ್ಟರಲ್ಲಿ ಮಂಡಿನೋವು ಬಂದು ಮೂರು ಶುಕ್ರವಾರ ಕೆಮ್ಮಣ್ಣು ತಪ್ಪಿತು. ಕುಂಡಗಳ ಮೈಮೇಲೆ ಬಿಳಿ ಹಿಟ್ಟಿನಂಥದ್ದು ಎದ್ದಿತು. ಹಿಂದಿನ ರೂಮಿನ ಬಾಡಿಗೆಯವಳು, ಸಿಂಧನೂರು ಕಡೆಯ ಜಟ್ಟೆಮ್ಮ, ಬಟ್ಟೆ ಒಣಹಾಕಲು ಬಂದವಳು ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡಳು.

"ಅಯ್ಯೋ, ಏನೇ ತಿಂತಿದ್ದೀಯ?" ಎಂದಳು ಮುನಿಗಂಗಮ್ಮ.

"ಉಪ್ಪುರೀ ಅಮ್ಮಾ. ನಮ್ಮ ಕಡಿ ಸವುಳು ಹೊಲದಾಗ ಹಿಂಗ ಬೆಳ್ಳಗ ಮ್ಯಾಲ ಬರ್ತದ. ನಿಮ್ಮ ಬೋರಿನ ನೀರಾಗ ಉಪ್ಪದ. ದಿನಾ ಒಂದೊಂದು ಚೊಂಬು ಹಾಕ್ತೀರಿ, ನೀರು ಆರ್ತದ, ಉಪ್ಪು ಅಲ್ಲೇ ಉಳೀತದ. ತಳದಿಂದ ಹರಿಯಂಗ ಮಳಿ ನೀರು ಬಿಡ್ರಿ, ತೊಳಕೊಂಡು ಹೋಗ್ತದ."

"ಹೋಗೇ, ಬೇರು ಕೊಳ್ತೋಗುತ್ತೆ. ನಂಗೇ ಹೇಳ್ಕೊಡೋಕೆ ಬಂದ್ಬಿಟ್ಳು!"

ಮಳೆ ಬಂದರೆ ಕುಂಡಗಳನ್ನು ಶೀಟಿನಡಿಗೆ ಎಳೆದು ಕಾಪಾಡುವುದು ಮುನಿಗಂಗಮ್ಮನ ರೂಢಿ. ನಾಲ್ಕನೇ ದಿನ ಸಂಜೆ ಮಳೆ ಹುಯ್ಯಿತು. ಗುಲಾಬಿಯನ್ನು ಎಳೆಯಲು ಬಗ್ಗಿದವಳು ಅರ್ಧಕ್ಕೇ ನಿಂತಳು. ನೋಡೇಬಿಡೋಣ ಎನಿಸಿತು. ಅಡಿಯ ತಟ್ಟೆ ತೆಗೆದು, ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಮಳೆಗೇ ಒಡ್ಡಿದಳು. ತಳದ ತೂತಿನಿಂದ ಬಂದ ಮೊದಲ ನೀರನ್ನು ಬೊಗಸೆಯಲ್ಲಿ ಹಿಡಿದು ನೆಕ್ಕಿದಳು. ಥೂ! ಉಪ್ಪಿನಕಾಯಿ ಜಾಡಿ ತೊಳೆದ ನೀರು!

"ಇಷ್ಟು ದಿನ ಇದನ್ನೇ ಕುಡಿಸ್ತಿದ್ದೀನಲ್ಲೇ, ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ನೆನೆಯುತ್ತಲೇ ಗಿಡವನ್ನು ಬೈದಳು. ಆಮೇಲೆ ಉಳಿದ ಮೂವತ್ತೊಂಬತ್ತನ್ನೂ ಮಳೆಗೆ ತಳ್ಳಲು ಜಟ್ಟೆಮ್ಮನನ್ನು ಕೂಗಿದಳು.

ಮೂರು ವಾರಕ್ಕೆ ಗುಲಾಬಿಯಲ್ಲಿ ಕೆಂಪು ಚಿಗುರು ಒಡೆಯಿತು. ಮುನಿಗಂಗಮ್ಮನ ಮಂಡಿಯೂ ನೆಟ್ಟಗಾಗಿತ್ತು. ಶುಕ್ರವಾರ ಸುಕನ್ಯ ಎಂದಿನಂತೆ ಕೆಮ್ಮಣ್ಣು ಕಲಸಿ ತಂದಳು.

"ಬೇಡ ಕಣಮ್ಮ," ಎಂದಳು ಮುನಿಗಂಗಮ್ಮ. "ಪಾಪ, ಅದು ಹೇಳ್ತಾನೇ ಇತ್ತು. ಬಳ್ದು ಬಳ್ದು ನಾನೇ ಬಾಯಿ ಮುಚ್ಚಿಸ್ತಿದ್ದೆ."