ಅರಶಿನ ಹಚ್ಚಿದ ಗೋದಡಿ

ನಾನು ನಿಂತಿದ್ದು ಹೊನ್ನಾವರದ ಬಂದರಿನಲ್ಲಿ, ದೋಣಿ ಇಳಿದು ಮೇಲೆ ಬಂದರೆ ಎಡಕ್ಕೆ ಸಿಗುತ್ತಿದ್ದ ಹಂಚಿನ ಮಾಡಿನ ಉದ್ದ ಜಗಲಿಯ ಕೊನೆಯ ಕಂಬದ ಪಕ್ಕ. ದೊಡ್ಡ ಯುದ್ಧ ಮುಗಿದ ವರ್ಷದ ಧನುರ್ಮಾಸ. ಬೆಳಕು ಹರಿದಿತ್ತು, ಬಿಸಿಲು ಬಂದಿರಲಿಲ್ಲ. ಹೊಳೆಯ ಮೇಲೆ ಮಂಜಿತ್ತು; ಆದರೆ ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಮುಖ ಕಾಣುವಷ್ಟು ಬೆಳಕಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಸಂಗತಿಯನ್ನು ಈಗ ನಮ್ಮ ಕಡೆ, ಆ ದಿನ ಅಲ್ಲಿ ಇಲ್ಲದವರೇ ಹೆಚ್ಚು ಚೆನ್ನಾಗಿ ಹೇಳುತ್ತಾರೆ.

ನೆನಪಾದದ್ದು ನಿನ್ನೆ, ಅರಶಿನದ ವಾಸನೆಯಿಂದ. ಮೊಮ್ಮಗನಿಗೆ ನನ್ನ ತಂಗಿ ಅಂಗಿ ಹೊಲಿದಿದ್ದಳು. ಅವಳ ಕೈ ಹೊಲಿಗೆ ನೋಡಿದರೆ ಮಿಶಿನ್ನೂ ನಾಚಬೇಕು. ಹೊಲಿದು ಮುಗಿಸಿ, ಮಡಚಿ, ಸೊಸೆಯ ಕೈಗೆ ಕೊಟ್ಟು ಅವಳು ಬಾಗಿಲಾಚೆ ಸರಿದು ನಿಂತಳು. ಸೊಸೆ ಬಟ್ಟಲಿನಲ್ಲಿ ಅರಶಿನ ಕಲಸಿ ಅಂಗಿಯ ತುದಿಗೆ ಒಂದು ಬೊಟ್ಟು ಹಚ್ಚಿದಳು. ಹೊಸ ಬಟ್ಟೆಯನ್ನು ಹಾಗೇ ತೊಡಬಾರದು ಎಂಬುದು ನಿಮ್ಮ ಮನೆಯಲ್ಲೂ ಇರುವ ರೂಢಿಯೇ. ತಂಗಿ ಗಂಡನನ್ನು ಕಳಕೊಂಡವಳು. ಅವಳು ಹೀಗೆ ಸರಿದು ನಿಲ್ಲುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ನಿನ್ನೆ ಮಾತ್ರ ಆ ಒದ್ದೆ ಅರಶಿನದ ವಾಸನೆ ನನ್ನನ್ನು ಬಂದರಿನ ಜಗಲಿಗೆ ಒಯ್ದಿತು.

ಕರಾವಳಿಯಲ್ಲಿ ಎಂಥ ಚಳಿ ಎಂದು ಘಟ್ಟದ ಮೇಲಿನವರು ನಗುತ್ತಾರೆ. ಧನುರ್ಮಾಸದಲ್ಲಿ ಶರಾವತಿಯ ದಂಡೆಯಲ್ಲಿ ಮಲಗಿ ನೋಡಲಿ. ಘಟ್ಟದಿಂದ ಇಳಿದ ಗಾಳಿ ಹೊಳೆಯ ಗುಂಟ ನೇರ ಬಂದರಿಗೇ ಬರುತ್ತದೆ. ಆ ವರ್ಷ ಜಗಲಿಯ ಮೇಲೆ ಮಲಗುತ್ತಿದ್ದವರಿಗೆ ಹೊದೆಯಲು ಗೋಣಿಯೂ ಸಾಲದು. ಕುಮಟೆಯ ಬಾಡದ ಕಡೆ ಹಿಂದಿನ ವರ್ಷದ ಮಳೆಗಾಲದ ಕಡಲು ಗುಡಿಸಲುಗಳನ್ನು ಎಳೆದುಕೊಂಡು ಹೋಗಿತ್ತು. ಮೀನು ಒಣಗಿಸುವ ಕೆಲಸ ಹುಡುಕಿ ಬಂದವರು ಇಲ್ಲೇ ಉಳಿದಿದ್ದರು. ಬಟ್ಟೆಯೋ, ರೇಶನ್ನಿನಲ್ಲಿ. ಇದ್ದವರ ಪಂಚೆಗೇ ತೇಪೆ.

ಆಗ ನಾನು ಹೊಸದಾಗಿ ಶಾಲೆಗೆ ಸೇರಿದ ಮಾಸ್ತರ. ಸಂಬಳಕ್ಕಿಂತ ಉತ್ಸಾಹ ಹೆಚ್ಚು. ಆದರೆ ಅವರಿಗೆ ಹೊದಿಕೆ ಒದಗಿಸುವ ಕೆಲಸ ಶುರು ಮಾಡಿದವರು ಗೋದಾಬಾಯಿ. ಕೊಂಕಣಿ ಮನೆಮಾತಿನವರು, ಎಳೆ ವಯಸ್ಸಿನಲ್ಲೇ ವಿಧವೆಯಾದವರು, ವಿಧವೆಯರು ಉಡುವ ಕೆಂಪು ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ದಾರಿಯ ಅಂಚಿನಲ್ಲೇ ನಡೆಯುವವರು. ಮದುವೆಗೆ ಹೊರಟವರಿಗೆ ಎದುರಾಗಬಾರದೆಂದು ಅವರೇ ಗೋಡೆಯ ಮರೆಗೆ ನಿಲ್ಲುತ್ತಿದ್ದರು. ಅಂಥವರು ಒಂದು ದಿನ ಶಾಲೆಗೆ ಬಂದು, ಅಂಗಡಿಯಲ್ಲಿ ಬಟ್ಟೆ ಇಲ್ಲದಿದ್ದರೆ ಬೇಡ, ದೋಣಿಗಳ ಮೇಲೆ ಇದೆಯಲ್ಲ ಎಂದರು. ಹಾಯಿ! ನಮಗೆ ಯಾರಿಗೂ ಹೊಳೆದಿರಲಿಲ್ಲ.

ಭಟ್ಕಳದಲ್ಲಿ ಗೆಳೆಯ ಇಸ್ಮಾಯಿಲನ ಸೋದರಮಾವನಿಗೆ ಸರಕು ಸಾಗಿಸುವ ಮಚವೆ ದೋಣಿಗಳಿದ್ದವು. ಇಸ್ಮಾಯಿಲ್ ನನ್ನದೇ ವಯಸ್ಸಿನವ, ನವಾಯತಿ ಮನೆಮಾತು, ಕನ್ನಡ ನನಗಿಂತ ಜೋರು. ಹರಿದು ಮೂಲೆಗೆ ಬಿದ್ದ ಹಾಯಿಗಳನ್ನು ಅವನು ಪೆಟ್ರೋಲು ಸಿಗದ ಆ ಕಾಲದ ಇದ್ದಿಲಿನ ಬಸ್ಸಿನ ತಲೆಯ ಮೇಲೆ ಹೇರಿಸಿ, ಹೊಳೆಯಾಚೆಯ ಕಾಸರಕೋಡಿನಲ್ಲಿ ತಾರಿಯ ದೋಣಿ ಹತ್ತಿಸಿ ತಂದ. ಏರು ಬಂದಲ್ಲೆಲ್ಲ ಇಳಿದು ಬಸ್ಸು ನೂಕಿದೆನೆಂದೂ, ಹಾಯಿ ಕಟ್ಟಿದ್ದರೆ ಬೇಗ ಬರುತ್ತಿತ್ತೆಂದೂ ಹೇಳಿದ. ಒಳಗೆ ತುಂಬಲು ಕುಮಟೆಯ ವರ್ತಕರ ಮನೆಗಳಿಂದ ಹಳೆಯ ಹಾಸಿಗೆಗಳ ಹತ್ತಿ ಬಂತು. ಹೊಲಿಯುವ ಕೈ ಹೊನ್ನಾವರದ್ದು. ಮೂರು ಊರು ಸೇರಿ ಒಂದು ಗೋದಡಿ. ಘಟ್ಟದ ಮೇಲೆ ಕೌದಿ ಎನ್ನುತ್ತಾರಲ್ಲ, ಅದೇ.

ಶಾಲೆಯ ಜಗಲಿಯಲ್ಲಿ ಕೂತು ನಾವೆಲ್ಲ ಹೊಲಿದೆವು. ನಾನೂ ಹೊಲಿದೆ. ಗೋದಾಬಾಯಿ ನನ್ನ ಗೋದಡಿಯನ್ನು ಬೆಳಕಿಗೆ ಹಿಡಿದು, "ಮಾಸ್ತರೆ, ಇದು ಹೊಲಿಗೆಯೋ, ಏಡಿ ಓಡಿದ ಜಾಡೋ?" ಎಂದರು. ಆ ಮೇಲೆ ನನಗೆ ಸೂಜಿಗೆ ದಾರ ಪೋಣಿಸುವ ಕೆಲಸ ಮಾತ್ರ ಉಳಿಯಿತು.

ಹಾಯಿಗಳಿಗೆ ಮೀನೆಣ್ಣೆಯ ನಾತ, ಉಪ್ಪಿನ ಕಲೆ. ಹೀಗೇ ಕೊಟ್ಟರೆ ಬಡವರಿಗೆ ಅವಮಾನ ಎಂದುಕೊಂಡೆವು. ಬೂದಿ ನೀರಿನಲ್ಲಿ ಕುದಿಸಿ, ಬಂಡೆಗೆ ಬಡಿದು, ಬಿಸಿಲಿಗೆ ಹಾಕಿ, ಮತ್ತೆ ಕುದಿಸಿದೆವು. ಕೊಕ್ಕರೆಯ ರೆಕ್ಕೆಯ ಹಾಗೆ ಬೆಳ್ಳಗಾದವು. ಆ ಬಿಳುಪನ್ನು ನೋಡಿ ನಾವು ಎಷ್ಟು ಬೀಗಿದೆವೆಂದರೆ, ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸಿದೆವು.

ಇನ್ನೊಂದು ಯೋಚನೆಯೂ ನಮ್ಮದೇ. ದುಡಿದು ಉಣ್ಣುತ್ತಿದ್ದವರು ಕೈ ಒಡ್ಡಬೇಕಾಗಬಾರದು. ಅವರು ಏಳುವ ಮೊದಲೇ ಹೋಗಿ ಮೆಲ್ಲಗೆ ಹೊದೆಸಿ ಬಂದುಬಿಡೋಣ. ಯಾರು ಕೊಟ್ಟರೆಂದು ತಿಳಿಯುವುದೂ ಬೇಡ. ಇದಕ್ಕಿಂತ ಸೂಕ್ಷ್ಮ ಬುದ್ಧಿ ಲೋಕದಲ್ಲಿ ಇಲ್ಲವೆಂದು ನನಗೆ ಅನಿಸಿತ್ತು.

ಹಾಗೆ ಹೋದೆವು. ಮಲಗಿದ್ದವರ ಮೇಲೆ ಒಂದೊಂದಾಗಿ ಹೊದೆಸಿದೆವು. ಹೊದೆಸಿ ಮುಗಿಸಿ ನಾನು ಕೊನೆಯ ಕಂಬದ ಹತ್ತಿರ ನಿಂತು ತಿರುಗಿ ನೋಡಿದೆ. ಆಗ ನನಗೆ ಕಂಡದ್ದನ್ನು ಈಗಲೂ ಬರೆಯಲು ಕೈ ಹಿಂಜರಿಯುತ್ತದೆ. ಜಗಲಿಯ ಉದ್ದಕ್ಕೂ, ಬಿಳಿ ಬಟ್ಟೆ ಹೊದ್ದು, ಅಲ್ಲಾಡದೆ ಮಲಗಿದ ಮನುಷ್ಯರ ಸಾಲು.

ಅಷ್ಟರಲ್ಲಿ ಬಾಡದ ದೇವಮ್ಮ ಎಚ್ಚರಾದಳು. ಮುದುಕಿ. ಮೊದಲು ಕೈಯಿಂದ ಬಟ್ಟೆ ಮುಟ್ಟಿದಳು. ಆಮೇಲೆ ಪಕ್ಕಕ್ಕೆ ನೋಡಿದಳು. ಪಕ್ಕದಲ್ಲಿ ಅವಳ ಸೊಸೆ, ಸೊಸೆಯ ಎದೆಗೆ ಅಂಟಿಕೊಂಡು ಕೂಸು. ಇಬ್ಬರ ಮೇಲೂ ಬಿಳಿ ಗೋದಡಿ. ಅವಳು ಕೂಗಲಿಲ್ಲ. ಕೂಸಿನ ಮೇಲಿಂದ ಅದನ್ನು ಕಿತ್ತು ಅಂಗಳಕ್ಕೆ ಎಸೆದಳು. ಒಬ್ಬೊಬ್ಬರಾಗಿ ಎದ್ದವರು ಎಲ್ಲರೂ ಹಾಗೇ ಮಾಡಿದರು. ಕೂಸು ಕೆಮ್ಮತೊಡಗಿತು, ನಾಯಿಮರಿಯ ಹಾಗೆ, ಉಸಿರು ಸಿಗದೆ. ತಾಯಿ ಅದನ್ನು ಸೆರಗಿನಲ್ಲಿ ಸುತ್ತಿದಳು. ಸವೆದು ತೆಳುವಾದ ಆ ಸೆರಗಿನಾಚೆ ಅವಳ ಕೈಯ ಬಣ್ಣ ಕಾಣುತ್ತಿತ್ತು.

ಇಸ್ಮಾಯಿಲ್ ಒಂದು ಹೆಜ್ಜೆ ಮುಂದೆ ಹೋಗಿ, ಇದು ಚಳಿಗೆ, ಒಳ್ಳೆಯದಕ್ಕೇ ತಂದದ್ದು ಎಂದು ಹೇಳಿ ನೋಡಿದ. ದೇವಮ್ಮ ನನ್ನ ಕಡೆ ತಿರುಗಿದಳು.

"ಹೋದ ಚಳಿಗೆ ಇವಳ ದೊಡ್ಡ ಕೂಸು ಇಲ್ಲೇ ಸತ್ತೋತು. ಹೊದೆಸೂಕೆ ಒಂದು ತುಂಡು ಬಟ್ಟೆಗೆ ಊರೆಲ್ಲ ತಿರುಗ್ದೆ. ಸತ್ತ ಮೇಲೆ ಬಿಳಿ ಬಟ್ಟೆ ತಂದು ಕೊಟ್ರು. ಸತ್ತೋರಿಗೆ ಬಟ್ಟೆ ಎಲ್ಲಿಂದಾದ್ರೂ ಸಿಕ್ತದೆ ಮಾಸ್ತರೆ. ಬದುಕಿದ್ದೋರಿಗೇ ಇಲ್ಲ."

ಕೂಸು ಕೆಮ್ಮುತ್ತಲೇ ಇತ್ತು. ಗೋದಡಿ ಅಂಗಳದ ಇಬ್ಬನಿಯಲ್ಲಿ ಬಿದ್ದಿತ್ತು. ಈ ಮುದುಕಿ ಒಪ್ಪದಿದ್ದರೆ ಆ ಕೂಸು ಈ ಚಳಿಗಾಲ ದಾಟುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಮುದುಕಿಗೂ.

ಗೋದಾಬಾಯಿ ಅಂಗಳಕ್ಕಿಳಿದು ಗೋದಡಿ ಎತ್ತಿಕೊಂಡರು. ಕೊಡವಿದರು. ದೇವಮ್ಮನ ಎದುರು ನೆಲದ ಮೇಲೆ ಕೂತರು. ಅವರು ಯಾರ ಎದುರೂ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ತಪ್ಪಾತು ದೇವಮ್ಮ. ಹೇಂಗೆ ಕೊಡಬೇಕು, ನೀನೇ ಹೇಳು."

ದೇವಮ್ಮ ಕೂಸಿನ ಕಡೆ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಅರಶಿನದ ಕೊಂಬು. ಗುಡಿಸಲು ಕಡಲಿಗೆ ಹೋದ ದಿನ ಕೈಗೆ ಸಿಕ್ಕಿದ್ದು ಅದೊಂದೇ ಎಂದು ಸೊಸೆ ಆಮೇಲೆ ಹೇಳಿದಳು.

"ಇದನ್ನ ಹಚ್ಚಿ, ಕೈಗೆ ಕೊಡಿ. ಕೈ ಅದೆ ನಮ್ಗೆ."

ಇಸ್ಮಾಯಿಲ್ ಹೊಳೆಯಿಂದ ಬೊಗಸೆಯಲ್ಲಿ ನೀರು ತಂದ. ಜಗಲಿಯ ಕಲ್ಲಿನ ಮೇಲೆ ಅವನೇ ಕೊಂಬು ತೇಯ್ದ. ಬೆರಳೆಲ್ಲ ಹಳದಿಯಾಯಿತು. ಗೋದಾಬಾಯಿ ಗೋದಡಿಯನ್ನು ಸೊಸೆಯ ಕಡೆ ನೀಡಿ ಹಿಂದೆ ಸರಿದರು.

"ಅವಳು ಮುತ್ತೈದೆ, ಅವಳು ಹಚ್ಚಲಿ. ನನ್ನ ಕೈ ಆಗೂದಿಲ್ಲ."

"ಹೊಲಿಯೂಕೆ ಆದ ಕೈ ಹಚ್ಚೂಕೆ ಎಂತಕ್ಕೆ ಆಗೂದಿಲ್ಲ ಬಾಯಿ? ಹೊಲಿದೋರೇ ಹಚ್ಚಿ" ಎಂದಳು ದೇವಮ್ಮ.

ಗೋದಾಬಾಯಿಯ ಬೆರಳು ಕಲ್ಲಿನ ಮೇಲಿನ ಅರಶಿನದ ತನಕ ಹೋಗಿ ನಿಂತಿತು. ಮದುವೆಯ ದಾರಿಯಲ್ಲಿ ಗೋಡೆಯ ಮರೆಗೆ ನಿಲ್ಲುತ್ತಿದ್ದ ಹೆಂಗಸು, ಊರಿನ ಬಂದರಿನಲ್ಲಿ, ಹಗಲ ಬೆಳಕಿನಲ್ಲಿ, ಅಷ್ಟು ಜನರ ಎದುರು. ಆಮೇಲೆ ಅವರು ಬೆರಳು ಅದ್ದಿ, ಬಿಳಿ ಗೋದಡಿಯ ಮೂಲೆಗೆ ಒಂದು ಬೊಟ್ಟು ಇಟ್ಟರು. ಎರಡೂ ಕೈಯಲ್ಲಿ ಹಿಡಿದು ದೇವಮ್ಮನ ಕೈಗೆ ಕೊಟ್ಟರು. ದೇವಮ್ಮ ಅದನ್ನು ಹಣೆಗೆ ಮುಟ್ಟಿಸಿಕೊಂಡು ಕೂಸಿಗೆ ಸುತ್ತಿದಳು.

"ಆತು" ಎಂದಳು.

ಮತ್ತೆ ನಾವು ಕರೆಯಬೇಕಾಗಲಿಲ್ಲ. ಎಸೆದವರೆಲ್ಲ ತಮ್ಮ ತಮ್ಮ ಗೋದಡಿ ಎತ್ತಿಕೊಂಡು, ಮೂಲೆ ಮುಂದೆ ಮಾಡಿ, ಗೋದಾಬಾಯಿಯ ಎದುರು ಬಂದರು. ಸೊಸೆ ತಾನು ಹಚ್ಚಿಕೊಡುತ್ತೇನೆ ಎಂದರೂ ಒಬ್ಬರೂ ಒಪ್ಪಲಿಲ್ಲ. ಎಲ್ಲರಿಗೂ ಗೋದಾಬಾಯಿಯ ಬೊಟ್ಟೇ ಬೇಕು. ಕೊಂಬು ಸವೆದು ಕಡಲೆಯಷ್ಟಾಯಿತು. ತಾರಿಯ ಮುದುಕನೊಬ್ಬ ಇಸ್ಮಾಯಿಲನ ಹಳದಿ ಕೈ ನೋಡಿ, "ಸಾಯ್ಬರೆ, ಮದುವೆ ಯಾವಾಗ?" ಎಂದು ಕೇಳಿದ. ಜಗಲಿಯೆಲ್ಲ ನಕ್ಕಿತು. ದೇವಮ್ಮ ನಗಲಿಲ್ಲ. ಅವಳು ಕೂಸಿನ ಉಸಿರನ್ನೇ ಕೇಳುತ್ತಿದ್ದಳು. ಕೆಮ್ಮು ನಿಂತಿತ್ತು.

ಊರಿನಲ್ಲಿ ಮಾತು ಬರಲಿಲ್ಲವೆಂದಲ್ಲ, ಬಂತು. ಆಮೇಲೆ ಕುಮಟೆಯಲ್ಲಿ, ಧಾರೇಶ್ವರದಲ್ಲಿ, ಭಟ್ಕಳದ ಬಂದರಿನಲ್ಲಿ ಕೊಡುವಾಗೆಲ್ಲ ಗೋದಾಬಾಯಿಯ ಸೊಂಟದಲ್ಲಿ ಅರಶಿನದ ಪೊಟ್ಟಣವಿತ್ತು. ಮಲಗಿದವರು ಏಳುವವರೆಗೆ ನಾವು ಕಾಯುತ್ತಿದ್ದೆವು. ಎದ್ದು, ಮುಖ ತೊಳೆದು ಕೂತವರ ಕೈಗೆ ಕೊಡುತ್ತಿದ್ದೆವು. ನನ್ನ ಬದುಕಿನಲ್ಲಿ ನಾನು ಸೇರಿ ಮಾಡಿದ ಕೆಲಸಗಳಲ್ಲಿ ಎದೆಯೆತ್ತಿ ಹೇಳಬಹುದಾದದ್ದು ಇದೊಂದು. ಅದರಲ್ಲೂ ನನ್ನ ಪಾಲು ಸೂಜಿಗೆ ದಾರ ಪೋಣಿಸಿದ್ದಷ್ಟೇ.

ನಿನ್ನೆ ಅಂಗಿಗೆ ಒಂದು ಬೊಟ್ಟು ಆಗಿತ್ತು. ಜೊತೆಗೆ ಹೊಲಿದ ಚಡ್ಡಿ ಇನ್ನೂ ಉಳಿದಿತ್ತು. ನಾನು ಸೊಸೆಯ ಕೈಯಿಂದ ಬಟ್ಟಲು ಇಸಿದುಕೊಂಡು ಬಾಗಿಲಾಚೆ ಹೋದೆ. ತಂಗಿಯ ಎದುರು ಅದನ್ನು ಹಿಡಿದೆ. "ಹೊಲಿದೋರೇ ಹಚ್ಚಬೇಕು" ಎಂದೆ. ಅವಳು ನನ್ನ ಮುಖ ನೋಡಿದಳು, ಬಟ್ಟಲು ನೋಡಿದಳು. ಸೊಸೆ ಒಳಗಿನಿಂದ, "ಹಚ್ಚಿ ಅತ್ತೆ" ಎಂದಳು. ತಂಗಿ ಹಚ್ಚಿದಳು. ಬೊಟ್ಟು ಸ್ವಲ್ಪ ದೊಡ್ಡದೇ ಆಯಿತು. ಮೊಮ್ಮಗ ಕಲೆಯಾಯಿತೆಂದು ಗೊಣಗಿದ.

ಗೋದಾಬಾಯಿ ಈಗಿಲ್ಲ, ದೇವಮ್ಮ ಇಲ್ಲ, ಅವಳ ಸೊಸೆಯೂ ಇಲ್ಲ. ಆ ಬೆಳಿಗ್ಗೆ ಅಲ್ಲಿದ್ದವರಲ್ಲಿ ನನಗೆ ಗೊತ್ತಿದ್ದಂತೆ ಉಳಿದವರು ಇಬ್ಬರು. ಒಬ್ಬ ಭಟ್ಕಳದ ಇಸ್ಮಾಯಿಲ್. ಕಣ್ಣು ಮಂಜಾಗಿದೆ, ನೆನಪು ಆಗಿಲ್ಲ. ಇನ್ನೊಬ್ಬಳು ಮಂಗಲೆ. ಧಾರೇಶ್ವರದಲ್ಲಿ ಮೀನು ಮಾರುತ್ತಾಳೆ, ತೂಕದಲ್ಲಿ ಯಾರಿಗೂ ಬಗ್ಗುವವಳಲ್ಲ. ಆಗ ತಾನು ದೇವಮ್ಮಜ್ಜಿಯ ತೊಡೆಯ ಮೇಲಿನ ಕೂಸು, ಎಂತ ನೋಡಿದ್ದು ಎಂದು ನಗುತ್ತಾಳೆ. ಆದರೆ ಗೋದಡಿಯೊಳಗಿಂದ ಅವಳ ಮುಖ ಹೊರಗಿತ್ತು, ಕಣ್ಣು ಎರಡೂ ತೆರೆದಿದ್ದವು. ನಾನು ಕೊನೆಯ ಕಂಬದ ಪಕ್ಕದಲ್ಲೇ ನಿಂತಿದ್ದೆ.