ಓಡದ ಕಾರಿನ ಟೈರು

ಕುಂದಲಹಳ್ಳಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಅಂಕಲ್ ದಿನಾ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಹಾಗೇ ಬಿಡುತ್ತಿದ್ದರು. ಆಮೇಲೆ ಆಫ್ ಮಾಡಿ, ಮೈಯೆಲ್ಲ ಒರೆಸಿ, ಕವರ್ ಹೊದಿಸಿ ಒಳಗೆ ಹೋಗುತ್ತಿದ್ದರು. ಅವರ ಲೆಕ್ಕದಲ್ಲಿ ಮೇಂಟೆನೆನ್ಸ್ ಎಂದರೆ ಅಷ್ಟೇ. ಬ್ರೂಕ್‌ಫೀಲ್ಡಿನ ಡಾಕ್ಟರೊಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಡಾಕ್ಟರೂ ಓಡಿಸಲಿಲ್ಲ, ಇವರೂ ಓಡಿಸಲಿಲ್ಲ. ಕಿಲೋಮೀಟರ್ ಕಮ್ಮಿ ಎಂಬುದೇ ಹೆಮ್ಮೆ. ಹೊಸದಾಗಿ ಬಾಡಿಗೆಗೆ ಬಂದವರಿಗೆ ನೀರಿನ ಮೋಟರಿನ ಸ್ವಿಚ್ಚಿಗಿಂತ ಮೊದಲು ಆ ಮೀಟರು ತೋರಿಸುತ್ತಿದ್ದರು.

ಟೈರುಗಳೂ ಡಾಕ್ಟರ ಕಾಲದವೇ. ಅವುಗಳ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿದ್ದನ್ನು ಒಮ್ಮೆ ತೋರಿಸಿದೆ. ಮೇಲಿನ ಗೀರುಗಳು ಸವೆದೇ ಇಲ್ಲ, ನೀವು ಕಂಪ್ಯೂಟರ್ ನೋಡಿಕೊಳ್ಳಿ ಎಂದರು.

ಕಳೆದ ತಿಂಗಳು ಆ ಕಾರನ್ನು ಚಂದಾಪುರದಲ್ಲಿರುವ ಮಗಳಿಗೆ ಕೊಡಲು ಹೊರಟರು. ಎರಡು ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಕೆ ದಿನಾ ಹೈವೇಯಲ್ಲಿ ಶಾಲೆಗೆ ಹೋಗುವುದು ಅವರಿಗೆ ಭಯ. ನನಗೂ ಆ ಕಡೆ ಕೆಲಸವಿತ್ತು, ಹತ್ತಿಕೊಂಡೆ. ಬುದ್ಧಿಯಿದ್ದವಳು ಹತ್ತಬಾರದಿತ್ತು.

ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಅಂಕಲ್ ಎಂಬತ್ತಕ್ಕೆ ಏರಿಸಿದರು. ಢಬ್ ಎಂದಿತು. ಎಡಗಡೆಯ ಮುಂದಿನ ಟೈರು ಸಿಡಿದು ಕಾರು ಎಡಕ್ಕೆ ನುಗ್ಗಿತು, ಆ ಲೇನಿನಲ್ಲಿ ಹಿಂದಿನಿಂದ ಬರುತ್ತಿದ್ದ ಲಾರಿಯ ಮುಂದಕ್ಕೇ. ನನ್ನ ಕಿಟಕಿಯ ತುಂಬ ಅದರ ಬಂಪರು. ದೃಷ್ಟಿಗೆಂದು ಕಟ್ಟಿದ್ದ ಹಳೇ ಚಪ್ಪಲಿ ತೂಗಾಡುತ್ತಿತ್ತು, ಎಡಗಾಲಿನದು. ಲಾರಿಯ ಡ್ರೈವರು ಬ್ರೇಕ್ ತುಳಿದ. ನಾವು ರಸ್ತೆಯ ಅಂಚಿಗೆ ಹೋಗಿ ನಿಂತೆವು. ಈಗಲೂ ಹಲ್ಲುಜ್ಜುವಾಗ, ಮೀಟಿಂಗಿನ ನಡುವೆ, ಆ ಎಡಗಾಲಿನ ಚಪ್ಪಲಿ ಕಣ್ಣೆದುರು ಬರುತ್ತದೆ.

ಪಂಕ್ಚರ್ ಅಂಗಡಿಯವನು ಬಂದು ಸ್ಟೆಪ್ನಿ ಹಾಕಿದ. ಉಳಿದ ಮೂರನ್ನೂ ಬೆರಳಿನಲ್ಲಿ ಒತ್ತಿ ನೋಡಿ, "ಇವೆಲ್ಲ ಸತ್ತೋಗಿವೆ ಸಾರ್, ನಿಂತು ನಿಂತೇ ಸತ್ತಿವೆ. ಸ್ಟೆಪ್ನಿನೂ ಅಷ್ಟೇ" ಎಂದ. ತನ್ನ ಟೈರು ಮಾರಲೆಂದು ಹೀಗೆ ಹೇಳುತ್ತಿದ್ದಾನೆ ಎಂದು ಅಂಕಲ್ ಗೊಣಗಿದರು. ಸ್ಟೆಪ್ನಿ ಇದುವರೆಗೆ ನೆಲವನ್ನೇ ಮುಟ್ಟಿಲ್ಲ, ಸಾಯುವುದು ಹೇಗೆ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿದರು. ವಯಸ್ಸಾದರೆ ರಬ್ಬರು ತಾನಾಗಿಯೇ ಒಣಗುತ್ತದೆ ಎಂದು ಮೂರು ಸಲ ಹೇಳಿದೆ.

ಮಗಳ ಮನೆಯಲ್ಲಿ ಅವರು ಟ್ರಾಫಿಕ್ಕಿನ ಬಗ್ಗೆ ಮಾತಾಡಿದರು, ಸಂಬಂಧಿಕರ ಮದುವೆಯ ಬಗ್ಗೆ ಮಾತಾಡಿದರು, ಟೈರಿನ ಸುದ್ದಿ ಎತ್ತಲಿಲ್ಲ. ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಕಾಫಿ ಕುಡಿಯದೆ ಲೋಟ ಕೆಳಗಿಟ್ಟೆ. ಜ್ವರವಾ ಎಂದು ಮಗಳು ಕೇಳಿದಳು. ಒಳಗೆ ಮಕ್ಕಳು ಕಾರಿನಲ್ಲಿ ಮುಂದಿನ ಸೀಟು ಯಾರಿಗೆ ಎಂದು ಜಗಳವಾಡುತ್ತಿದ್ದರು.

"ದಾರೀಲಿ ಟೈರ್ ಸಿಡೀತು," ಎಂದೆ. "ಈಗಿರೋ ನಾಲ್ಕೂ ಅದೇ ವಯಸ್ಸಿನವು. ಮಕ್ಕಳನ್ನ ಕೂರಿಸ್ಬೇಡಿ."

"ಮೊಳೆ ಚುಚ್ತು ಕಣಮ್ಮ, ಅಷ್ಟೇಯ," ಎಂದರು ಅಂಕಲ್. "ಈಯಮ್ಮ ಸುಮ್ಕೆ ಎದರ್ಕೊಂಡವ್ರೆ."

ಮಗಳು ಹೊರಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಹಿಂದಿನ ಟೈರಿನ ಬಿರುಕಿಗೆ ಉಗುರು ಹಾಕಿದಳು. ರಬ್ಬರು ಒಣಗಿದ ರೊಟ್ಟಿಯಂತೆ ಉದುರಿತು. ಎದ್ದು ಬಂದು ಕೀ ಕೇಳಿದಳು. ಒಪ್ಪಿಕೊಂಡಳೆಂದು ಅಂಕಲ್ ಖುಷಿಯಿಂದಲೇ ಕೊಟ್ಟರು. ಆಕೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನಾಲ್ಕೂ ಟೈರು ಬದಲಾಗುವವರೆಗೆ ಗಾಡಿ ಗೇಟು ದಾಟುವುದಿಲ್ಲ ಎಂದಳು. ಹಾಗಾದರೆ ತಾವೇ ವಾಪಸು ಓಡಿಸಿಕೊಂಡು ಹೋಗುವುದಾಗಿ ಹೇಳಿ ಅಂಕಲ್ ಎದ್ದು ನಿಂತರು.

"ಬಸ್ಸಲ್ಲಿ ಹೋಗಿ ಅಪ್ಪ," ಎಂದಳು.

ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂರದೆ ಎರಡು ಸೀಟು ಮುಂದೆ ಹೋಗಿ ಕೂತರು. ಬೊಮ್ಮನಹಳ್ಳಿಯ ಹತ್ತಿರ ತಿರುಗಿ, ಅಪ್ಪ ಮಗಳ ನಡುವೆ ಬಾಯಿ ಹಾಕಿದ್ದು ಸರಿಯಲ್ಲ ಎಂದರು. ನನಗೆ ತಡೆಯಲಾಗಲಿಲ್ಲ.

"ಆ ಲಾರಿಯವನು ಬ್ರೇಕ್ ಹಾಕ್ದೇ ಇದ್ದಿದ್ರೆ ಅಂಕಲ್?"

"ಆಕ್ದ್ನಲ್ಲಮ್ಮ," ಎಂದು ಮುಂದಕ್ಕೆ ತಿರುಗಿದರು.