ಟಗರಿನ ಲೈಸೆನ್ಸು

“ಈ ಟಗರಿನ ಲೈಸೆನ್ಸ್ ಎಲ್ಲಮ್ಮಾ?” ಅಂತ ದೇವಸಮುದ್ರದ ರಸ್ತೆಯಲ್ಲಿ ಪೊಲೀಸಪ್ಪ ಕೇಳಿದಾಗ ನಗು ಉಕ್ಕಿ ಬಂತು. ನುಂಗಿಕೊಂಡೆ. ಅವನ ಕೈ ಆಗಲೇ ಟಗರಿನ ಕೊರಳಲ್ಲಿದ್ದ ನನ್ನ ಪೆಟ್ಟಿಗೆಯ ಮೇಲಿತ್ತು.

ಚಳ್ಳಕೆರೆಯಲ್ಲಿ ಮಿಕ್ಸಿ, ಮೋಟಾರು ರಿಪೇರಿ ಮಾಡುತ್ತಲೇ ಪುಸ್ತಕ ಓದಿ ರೇಡಿಯೊ ಕೆಲಸ ಕಲಿತವಳು ನಾನು. ಹಿಂಡು ದೂರ ಹೋದರೆ ಕುರಿಗಾರನ ಕೈಯಲ್ಲಿರುವ ಡಬ್ಬಿ ಕೂಗಬೇಕು, ಅಂಥ ಪೆಟ್ಟಿಗೆ ಮಾಡಿದ್ದೆ. ಅವತ್ತು ಮೊದಲ ಪರೀಕ್ಷೆ. ಪೆಟ್ಟಿಗೆ ಪೊಲೀಸ್ ಸ್ಟೇಷನ್ ಸೇರಿದ್ದರೆ ಕುರಿಗಾರ ಓಬಯ್ಯ ಮತ್ತೆ ನನ್ನನ್ನು ಹಿಂಡಿನ ಹತ್ತಿರ ಬಿಡುತ್ತಿರಲಿಲ್ಲ.

“ಎಂಟುನೂರ ಅರವತ್ತಾರು ಮೆಗಾಹರ್ಟ್ಸು, ಪವರ್ರೂ ಕಡಿಮೆ. ಇದಕ್ಕೆ ಲೈಸೆನ್ಸ್ ಬೇಡ ಅಂತ ಸರ್ಕಾರನೇ ಹೇಳೈತೆ ಸಾರ್, ನಾನೇ ಓದೀನಿ,” ಅಂದೆ.

“ನಮ್ಮ ವಾಕಿಟಾಕಿಗೆ ಅಡ್ಡ ಬಂದ್ರೆ?”

“ಬರಲ್ಲ. ಇಲ್ಲೇ ನೋಡ್ಕಳ್ರಿ.”

“ಕೊಟ್ಬುಡಕ್ಕಾ, ಯಾಕ್ ಬೇಕು,” ಅಂತ ಓಬಯ್ಯ ಗೋಗರೆದ. ಕೊಡುವವಳು ನಾನಲ್ಲ.

ಪೊಲೀಸಪ್ಪ ವಾಕಿಟಾಕಿಯನ್ನು ಪೆಟ್ಟಿಗೆಯ ಪಕ್ಕಕ್ಕೇ ಹಿಡಿದು ಗುಂಡಿ ಒತ್ತಿದ. “ಟಗರಿನ ಹತ್ರ ನಿಂತೀನಿ. ಗೊರಗೊರ ಏನಾದ್ರೂ ಕೇಳ್ತೈತಾ?” ಗುಂಡಿ ಬಿಡುವ ಮೊದಲೇ ಟಗರು ಗಂಟಲು ಬಿಚ್ಚಿ “ಬ್ಯಾ...” ಅಂದಿತು.

ಆ ಕಡೆಯಿಂದ ಉತ್ತರ ಗಂಟೆ ಹೊಡೆದ ಹಾಗೆ ಬಂತು: “ಗೊರಗೊರ ಏನೂ ಇಲ್ಲ ಕಣಲೇ! ನಿಂದಕ್ಕಿಂತ ಟಗರಿನ ದನಿನೇ ಚೆನ್ನಾಗೈತೆ. ಡ್ಯೂಟಿ ಬಿಟ್ಟು ಕುರಿ ಕಾಯ್ತಿದೀಯಾ?”

ಓಬಯ್ಯ ರಸ್ತೆಯಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಪೊಲೀಸಪ್ಪ ಪೆಟ್ಟಿಗೆ ಬಿಟ್ಟು ಬೈಕು ಹತ್ತಿದ.

ನಿಯಮ ಮುರಿದೆ ಅಂತ ಯಾರೂ ನನಗೆ ಹೇಳುವ ಹಾಗಿಲ್ಲ. ಆ ಟಗರು ರೇಡಿಯೊದಲ್ಲಿ ಮಾತಾಡಿದ್ದು ಒಂದೇ ಸಲ, ಅದೂ ಲೈಸೆನ್ಸ್ ಇದ್ದ ಪೊಲೀಸರ ವಾಕಿಟಾಕಿಯಲ್ಲಿ.